ಚನ್ನಗಿರಿಯ ವಾಘ್, ಲಂಡನ್ನಿನ ಡ್ಯೂಕ್

ಬ್ರಿಟನ್ನಿನ ಪ್ರಧಾನಿಗೂ ಕರ್ನಾಟಕಕ್ಕೂ ಏನು ನಂಟು ಎಂದು ಕೇಳಿದರೆ ನಮ್ಮಲ್ಲಿ ಹೆಚ್ಚಿನವರ ಬಾಯಿಗೆ ಬರುವುದು ವಿನ್‌ಸ್ಟನ್ ಚರ್ಚಿಲ್ ಹೆಸರು. ತರುಣ ಸೇನಾಧಿಕಾರಿಯಾಗಿ ಬೆಂಗಳೂರಿನ ದಂಡಿನಲ್ಲಿದ್ದವನು, ಕ್ಲಬ್ಬಿಗೆ 13 ರೂಪಾಯಿ ಬಾಕಿ ಉಳಿಸಿ ಹೋದನಂತೆ ಎಂಬ ಕಥೆಯನ್ನು ನಾವು ಹೇಳಿ ಹೇಳಿ ಸವೆಸಿದ್ದೇವೆ. ಅದು ಚಿಲ್ಲರೆ ಬಾಕಿ. ಚರ್ಚಿಲ್‌ಗಿಂತ ನೂರು ವರ್ಷ ಮೊದಲು ಇಲ್ಲಿಗೆ ಬಂದು, ಮುಂದೆ ಅದೇ ಪ್ರಧಾನಿ ಕುರ್ಚಿಯಲ್ಲಿ ಕೂತ ಇನ್ನೊಬ್ಬನಿದ್ದಾನೆ. ಅವನು ಉಳಿಸಿ ಹೋದ ಲೆಕ್ಕ ದೊಡ್ಡದು. ಅದನ್ನು ತೀರಿಸಿದವರು ಚನ್ನಗಿರಿ, ಹೊನ್ನಾಳಿ ಸೀಮೆಯ ರೈತರು.

ಅವನ ಹೆಸರು ಆರ್ಥರ್ ವೆಲ್ಲೆಸ್ಲಿ. ಶಾಲೆಯ ಪುಸ್ತಕದಲ್ಲಿ ನಾವು ಓದಿದ್ದು ವಾಟರ್ಲೂ ಕದನದಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲಿಂಗ್ಟನ್ ಎಂದು. ಆ ಡ್ಯೂಕ್ ತನ್ನ ಬದುಕಿನಲ್ಲಿ ಮೊದಲ ಬಾರಿಗೆ ಒಂದು ಇಡೀ ದಂಡಯಾತ್ರೆಯನ್ನು ತಾನೊಬ್ಬನೇ ನಡೆಸಿದ್ದು 1800ರಲ್ಲಿ, ತುಂಗಭದ್ರೆಯ ಎರಡೂ ದಡಗಳಲ್ಲಿ. ಎದುರಾಳಿ ಚನ್ನಗಿರಿಯಲ್ಲಿ ಹುಟ್ಟಿದ ಮರಾಠಾ ಸವಾರ ಧೋಂಡಿಯಾ ವಾಘ್. ಇಂಗ್ಲಿಷ್ ಜೀವನಚರಿತ್ರೆಗಳಲ್ಲಿ ಇದು ಹತ್ತಿಪ್ಪತ್ತು ಪುಟಗಳ ಅಧ್ಯಾಯ. ಓದುಗ ಬೇಗ ಮುಗಿಸಿ ಸ್ಪೇನಿಗೆ, ವಾಟರ್ಲೂಗೆ ಓಡುತ್ತಾನೆ. ನಾವು ಓಡಬೇಕಿಲ್ಲ, ಇಲ್ಲೇ ನಿಂತು ನೋಡಬಹುದು.

ವೆಲ್ಲೆಸ್ಲಿ ಸಿಪಾಯಿಯಾಗಿ ಹೆಸರು ಮಾಡುವ ಮೊದಲೇ ರಾಜಕಾರಣಿಯಾಗಿದ್ದ ಎಂಬುದನ್ನು ಮರೆಯಬಾರದು. 1769ರಲ್ಲಿ ಡಬ್ಲಿನ್ನಿನ ಒಂದು ಶ್ರೀಮಂತ ಮನೆತನದಲ್ಲಿ ಹುಟ್ಟಿದ ಅವನು 1790ರಲ್ಲಿ, ಇಪ್ಪತ್ತೊಂದು ತುಂಬುವ ಹೊತ್ತಿಗೆ, ಐರ್ಲೆಂಡಿನ ಪಾರ್ಲಿಮೆಂಟಿಗೆ ಟ್ರಿಮ್ ಎಂಬ ಊರಿನಿಂದ ಸದಸ್ಯನಾದ. ಚುನಾವಣೆ ಎನ್ನುವುದಕ್ಕಿಂತ ಅದು ಮನೆಯವರ ಏರ್ಪಾಡು. ಟ್ರಿಮ್ ಆ ಕುಟುಂಬದ ಜೇಬಿನಲ್ಲಿದ್ದ ಕ್ಷೇತ್ರ, ಮೊದಲು ಅಣ್ಣಂದಿರು ಕೂತಿದ್ದ ಜಾಗಕ್ಕೆ ತಮ್ಮ ಬಂದ, ಅಷ್ಟೆ. ಈ ಸಂಗತಿ ನೆನಪಿನಲ್ಲಿರಲಿ, ಮುಂದೆ ಕೆಲಸಕ್ಕೆ ಬರುತ್ತದೆ. 1797ರಲ್ಲಿ ಅವನು ತನ್ನ ರೆಜಿಮೆಂಟಿನೊಡನೆ ಕಲ್ಕತ್ತೆಗೆ ಬಂದಿಳಿದ. ಮರುವರ್ಷವೇ ಹಿರಿಯಣ್ಣ ರಿಚರ್ಡ್ ಗವರ್ನರ್ ಜನರಲ್ ಆಗಿ ಬಂದ. ಅಣ್ಣ ಮೇಲಿದ್ದರೆ ತಮ್ಮನಿಗೆ ದಾರಿ ಸಲೀಸು ಎನ್ನುವುದು ಎಲ್ಲ ದೇಶದ ರಾಜಕಾರಣಕ್ಕೂ ಒಪ್ಪುವ ಮಾತು.

ಹಾಗೆಂದು ಆರಂಭವೇನೂ ಚೆನ್ನಾಗಿರಲಿಲ್ಲ. 1799ರ ಏಪ್ರಿಲ್ 5ರ ರಾತ್ರಿ ಶ್ರೀರಂಗಪಟ್ಟಣದ ಹೊರಗೆ ಸುಲ್ತಾನಪೇಟೆ ತೋಪಿನಲ್ಲಿ ಟಿಪ್ಪುವಿನ ಜನ ಅವನನ್ನು ಕತ್ತಲಲ್ಲಿ ದಿಕ್ಕು ತಪ್ಪಿಸಿ ಓಡಿಸಿದರು. ಸೆರೆಸಿಕ್ಕ ಅವನ ಸಿಪಾಯಿಗಳು ಬದುಕಿ ಬರಲಿಲ್ಲ. ಜಾಗವನ್ನು ಹಗಲಲ್ಲಿ ನೋಡದೆ ರಾತ್ರಿ ನುಗ್ಗಬಾರದೆಂಬ ಪಾಠವನ್ನು ಅವನು ಸಾಯುವ ತನಕ ಮರೆಯಲಿಲ್ಲ. ಮೇ 4ರಂದು ಕೋಟೆ ಬಿತ್ತು, ಟಿಪ್ಪು ತೀರಿಕೊಂಡ. ಎರಡು ದಿನದಲ್ಲಿ ಊರಿನ ಲೂಟಿ ನಿಲ್ಲಿಸುವ ಹೊಣೆ ವೆಲ್ಲೆಸ್ಲಿಯ ಕೈಗೆ ಬಂತು. ಆಮೇಲೆ ಮೈಸೂರಿನ ಭವಿಷ್ಯ ತೀರ್ಮಾನಿಸಲು ನೇಮಿಸಿದ ಕಮಿಷನ್ನಿನಲ್ಲಿ ಅವನೂ ಒಬ್ಬ. ಐದು ವರ್ಷದ ಮಗು ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿ, ಪೂರ್ಣಯ್ಯನವರನ್ನು ದಿವಾನರಾಗಿ ಮುಂದುವರಿಸಿ, 1799ರ ಜುಲೈ 8ರಂದು ಮಾಡಿಕೊಂಡ ಒಪ್ಪಂದಕ್ಕೆ ಅವನ ರುಜುವೂ ಇದೆ. ಮೈಸೂರು ವರ್ಷಕ್ಕೆ 7 ಲಕ್ಷ ವರಹ ಈಸ್ಟ್ ಇಂಡಿಯಾ ಕಂಪನಿಗೆ ಕೊಡಬೇಕು. ಹಣ ಬಾರದೆ ಹೋಗುವ ಭಯ ಕಂಡರೆ ಕಂಪನಿ ರಾಜ್ಯದ ಆಡಳಿತವನ್ನೇ ಕೈಗೆ ತೆಗೆದುಕೊಳ್ಳಬಹುದು. ಈ ಕೊನೆಯ ಕಲಮು ಮೂವತ್ತೆರಡು ವರ್ಷ ಕಾಗದದ ಮೇಲೆ ನಿದ್ದೆ ಮಾಡಿತು.

ಕೋಟೆ ಬಿದ್ದ ದಿನ ಶ್ರೀರಂಗಪಟ್ಟಣದ ಸೆರೆಮನೆಗಳೂ ತೆರೆದವು. ಹೊರಬಂದವರಲ್ಲಿ ಧೋಂಡಿಯಾ ವಾಘ್ ಒಬ್ಬ. ಅವನದು ಆ ಕಾಲಕ್ಕೆ ಹೇಳಿ ಮಾಡಿಸಿದಂಥ ಬದುಕು. ಹೈದರನ ಕುದುರೆ ಸೈನ್ಯದಲ್ಲಿ ಚಾಕರಿ, 1790ರ ದಶಕದ ಮೊದಲ ಯುದ್ಧದ ಗದ್ದಲದಲ್ಲಿ ಪರಾರಿ, ಧಾರವಾಡದ ಕಡೆ ಸ್ವಂತ ಗುಂಪು, ಮತ್ತೆ ಟಿಪ್ಪುವಿನ ಕೈಗೆ ಸಿಕ್ಕು ಮತಾಂತರ, ಮಲಿಕ್ ಜಹಾನ್ ಖಾನ್ ಎಂಬ ಹೊಸ ಹೆಸರು, ಕೊನೆಗೆ ಬೇಡಿ. ಬಿಡುಗಡೆಯಾದವನು ನೇರ ತನ್ನ ಸೀಮೆಯ ಕಡೆಗೆ ಹೊರಟ. ಟಿಪ್ಪುವಿನ ಸೈನ್ಯ ಚದುರಿ ಸಾವಿರಾರು ಸವಾರರು ಕುದುರೆ ಇದ್ದೂ ಸಂಬಳವಿಲ್ಲದೆ ಅಲೆಯುತ್ತಿದ್ದರು. ಅವರನ್ನು ಕೂಡಿಸುವುದು ಕಷ್ಟವಾಗಲಿಲ್ಲ. ಕೆಲವೇ ವಾರಗಳಲ್ಲಿ ನಗರ (ಬಿದನೂರು) ಸೀಮೆಯ ಕೋಟೆಗಳು ಒಂದೊಂದಾಗಿ ಅವನ ಕೈಸೇರಿದವು. ಆಗಸ್ಟಿನಲ್ಲಿ ಸ್ಟೀವನ್‌ಸನ್ ಮತ್ತು ಡಾಲ್‌ರಿಂಪಲ್ ಎಂಬ ಇಬ್ಬರು ಕರ್ನಲ್‌ಗಳು ಎರಡು ಕಡೆಯಿಂದ ನುಗ್ಗಿದರು. ಶಿವಮೊಗ್ಗ, ಹೊನ್ನಾಳಿ ಕೋಟೆಗಳು ಬಿದ್ದವು. ಶಿಕಾರಿಪುರದ ಹತ್ತಿರ ಹೊಳೆಯ ದಡದಲ್ಲಿ ಧೋಂಡಿಯಾನ ಜನ ದಿಕ್ಕಾಪಾಲಾದರು. ಅವನು ಮಾತ್ರ ಮರಾಠರ ಗಡಿ ದಾಟಿ ಪಾರಾದ.

ಗಡಿಯಾಚೆ ಕಾದಿದ್ದವನು ಪೇಶ್ವೆಯ ಸರದಾರ ಧೋಂಡೋಪಂತ ಗೋಖಲೆ. ದಣಿದು ಬಂದವನ ಮೇಲೆ ಬಿದ್ದು ಆನೆ, ತೋಪು, ಸಾಮಾನು ಎಲ್ಲ ಕಿತ್ತುಕೊಂಡ. ಗೋಖಲೆಯ ರಕ್ತದಲ್ಲಿ ಮೀಸೆ ಅದ್ದುತ್ತೇನೆಂದು ಧೋಂಡಿಯಾ ಆಣೆ ಇಟ್ಟ. 1800ರ ಜೂನ್ ಕೊನೆಯಲ್ಲಿ ಗೋಖಲೆಯನ್ನು ಕೊಂದು ಆಣೆಯನ್ನು ತೀರಿಸಿಯೂ ಬಿಟ್ಟ. ಅಷ್ಟರಲ್ಲಿ ಅವನ ಬೆನ್ನಿಗೆ ಮತ್ತೆ ಸಾವಿರಾರು ಕುದುರೆ ಕೂಡಿಕೊಂಡಿದ್ದವು. ಉಭಯ ಲೋಕಗಳ ದೊರೆ ಎಂದು ತನಗೆ ತಾನೇ ಬಿರುದು ಕೊಟ್ಟುಕೊಂಡಿದ್ದ.

ಇಂಗ್ಲಿಷರ ಕಡತಗಳಲ್ಲಿ ಅವನು ಬರೀ ಡಕಾಯಿತ. ನಮ್ಮಲ್ಲಿ ಈಚೆಗೆ ಅವನನ್ನು ಸ್ವಾತಂತ್ರ್ಯ ಹೋರಾಟದ ಮೊದಲ ಸಾಲಿನಲ್ಲಿ ನಿಲ್ಲಿಸುವ ಉತ್ಸಾಹ ಕಾಣುತ್ತದೆ. ಬ್ರಿಟಿಷರ ಎದುರು ನಿಂತವನು ಎನ್ನುವುದು ನಿಜ, ಅವನ ಕುದುರೆಗಳು ತುಳಿದ ಹೊಲಗಳು ನಮ್ಮವೇ ಎನ್ನುವುದೂ ನಿಜ. ಯುದ್ಧ ಬಿಟ್ಟರೆ ಬೇರೆ ಕಸುಬು ಗೊತ್ತಿಲ್ಲದ ಒಂದು ಪೀಳಿಗೆಗೆ ಒಡೆಯರೇ ಇಲ್ಲವಾದಾಗ ಇಂಥವನೊಬ್ಬ ಎದ್ದು ಬರುತ್ತಾನೆ. ಅವನು ಇಲ್ಲದಿದ್ದರೆ ಇನ್ನೊಬ್ಬ ಬರುತ್ತಿದ್ದ.

ಸಿಕ್ಕ ಮೊದಲ ಮರಕ್ಕೆ ಅವನನ್ನು ನೇತುಹಾಕಿ ಎಂದು ಸರಕಾರದ ಅಪ್ಪಣೆ ಬಂತು. ಅದೇ ಹೊತ್ತಿಗೆ ವೆಲ್ಲೆಸ್ಲಿಯ ಮುಂದೆ ಇನ್ನೊಂದು ಅವಕಾಶವೂ ಬಂದಿತ್ತು: ಡಚ್ಚರ ಬಟಾವಿಯಾದ ಮೇಲೆ ಹೋಗುವ ಹಡಗು ಪಡೆಯ ನಾಯಕತ್ವ. ಹೋಗಿದ್ದರೆ ಲೂಟಿಯ ಪಾಲೇ ಒಂದು ಆಸ್ತಿಯಾಗುತ್ತಿತ್ತು. ಮೈಸೂರು ಗಡಿಯನ್ನು ಹೀಗೆ ಬಿಟ್ಟು ಹೋಗಲಾಗದೆಂದು ಅವನು ಇಲ್ಲೇ ಉಳಿದ. ಲಾಭ ನಷ್ಟ ತೂಗಿ ನೋಡಿದರೆ ಅದು ಅವನ ವೃತ್ತಿಯ ಅತಿ ಜಾಣ ನಿರ್ಧಾರ. ಬಟಾವಿಯಾ ದಂಡು ಆ ವರ್ಷ ಹೊರಡಲೇ ಇಲ್ಲ.

ಜೂನ್ ತಿಂಗಳು. ಮಲೆನಾಡಿನಲ್ಲಿ ಮಳೆ ಹಿಡಿದರೆ ಹರಿಹರದಲ್ಲಿ ಹೊಳೆ ಹೇಗಿರುತ್ತದೆಂದು ಈ ಕಡೆಯವರಿಗೆ ಹೇಳಬೇಕಿಲ್ಲ. ಚಿತ್ರದುರ್ಗದ ಕಡೆಯಿಂದ ಬಂದ ಸೈನ್ಯ ಹರಿಹರದಲ್ಲಿ ಹರಿಗೋಲುಗಳಲ್ಲಿ ಹೊಳೆ ದಾಟಿತು. ಬಿದಿರು ಹೆಣೆದು ತೊಗಲು ಹೊದಿಸಿದ ಆ ದುಂಡನೆಯ ದೋಣಿಗಳ ಪ್ರಸ್ತಾಪ ವೆಲ್ಲೆಸ್ಲಿಯ ಪತ್ರಗಳಲ್ಲಿ ಮತ್ತೆ ಮತ್ತೆ ಬರುತ್ತದೆ. ಎಷ್ಟು ಬೇಕು, ಎಲ್ಲಿ ಕಟ್ಟಿಸಬೇಕು, ಯಾವ ಹೊಳೆಯ ಮೇಲೆ ಎಷ್ಟು ಇಡಬೇಕು, ಇದೇ ಚಿಂತೆ. ಅವನ ಪತ್ರಗಳನ್ನು ಓದುವವರಿಗೆ ಇವನು ಸೇನಾಪತಿಯೋ ಮಂಡಿಯ ವರ್ತಕನೋ ಎಂಬ ಅನುಮಾನ ಬಂದರೆ ಆಶ್ಚರ್ಯವಿಲ್ಲ. ಅಕ್ಕಿ, ಎತ್ತು, ಹುಲ್ಲು, ಚೀಲ. ಯುದ್ಧದ ಮಾತು ಆಮೇಲೆ.

ಇಲ್ಲಿ ನ್ಯಾಮತಿಯ ಕಡೆಗೆ ಸ್ವಲ್ಪ ತಿರುಗಬೇಕು. ಆ ತಾಲ್ಲೂಕಿನ ಸೂರಗೊಂಡನಕೊಪ್ಪ ಬಂಜಾರರ, ಅಂದರೆ ಲಂಬಾಣಿಗಳ ಪಾಲಿಗೆ ಪುಣ್ಯಕ್ಷೇತ್ರ, ಸಂತ ಸೇವಾಲಾಲರು ಹುಟ್ಟಿದ ಜಾಗ. ಪ್ರತಿ ಫೆಬ್ರವರಿಯಲ್ಲಿ ಜಯಂತಿಗೆ ದೇಶದ ಮೂಲೆಮೂಲೆಯಿಂದ ಜನ ಬರುತ್ತಾರೆ. ಇಂದು ತಾಂಡಾಗಳಲ್ಲಿ ನೆಲೆ ನಿಂತ ಈ ಜನ ಹದಿನೆಂಟನೇ ಶತಮಾನದಲ್ಲಿ ದಖ್ಖನ್ನಿನ ಸರಕು ಸಾಗಣೆಯವರು. ಸಾವಿರಾರು ಎತ್ತುಗಳ ಬೆನ್ನ ಮೇಲೆ ಧಾನ್ಯ, ಉಪ್ಪು ಹೇರಿಕೊಂಡು ಸಂತೆಯಿಂದ ಸಂತೆಗೆ, ದಂಡಿನಿಂದ ದಂಡಿಗೆ ನಡೆಯುತ್ತಿದ್ದರು. ಯುದ್ಧ ಮಾಡುವ ಎರಡೂ ಕಡೆಯವರು ಅವರ ಮೈಮುಟ್ಟುತ್ತಿರಲಿಲ್ಲ, ಏಕೆಂದರೆ ಅವರು ಬಾರದಿದ್ದರೆ ಎರಡೂ ಕಡೆಗೆ ಉಪವಾಸ. ವೆಲ್ಲೆಸ್ಲಿಯ ಪತ್ರಗಳಲ್ಲಿ ಅವರ ಹೆಸರು ಬ್ರಿಂಜಾರಿ. ಅವರಿಗೆ ಮುಂಗಡ ಹಣ ಕೊಟ್ಟು, ದರ ಗೊತ್ತುಮಾಡಿ, ಸಿಪಾಯಿಗಳು ಅವರನ್ನು ಕಾಡದಂತೆ ನೋಡಿಕೊಂಡದ್ದು ಅವನ ಗೆಲುವಿನ ಅರ್ಧ. ಇನ್ನರ್ಧದಲ್ಲಿ ದೊಡ್ಡ ಪಾಲು ಅಮೃತಮಹಲ್ ಎತ್ತುಗಳದು. ಹೈದರ್, ಟಿಪ್ಪು ಸಾಕಿ ಬೆಳೆಸಿದ ಆ ತಳಿಯ ಕಾವಲುಗಳು ಚಿತ್ರದುರ್ಗ, ತರೀಕೆರೆ ಸೀಮೆಯ ಬಯಲುಗಳಲ್ಲಿ ಹಬ್ಬಿದ್ದವು. ತೋಪು ಎಳೆಯುವುದರಲ್ಲಿ, ದಣಿವಿಲ್ಲದೆ ನಡೆಯುವುದರಲ್ಲಿ ಅವಕ್ಕೆ ಸಾಟಿ ಇರಲಿಲ್ಲ. ಪೂರ್ಣಯ್ಯನವರು ಮೈಸೂರಿನ ಕುದುರೆ ಪಡೆಯನ್ನೂ ಸರಬರಾಜನ್ನೂ ಹಿಂದೆಯೇ ಕಳಿಸುತ್ತಿದ್ದರು. ವಾಟರ್ಲೂ ವೀರನ ಯುದ್ಧವಿದ್ಯೆ ಎಂದು ಯೂರೋಪು ಹೊಗಳಿದ್ದರಲ್ಲಿ ನಮ್ಮ ಎತ್ತು, ನಮ್ಮ ಲಂಬಾಣಿಗಳ ನಡಿಗೆ ಎಷ್ಟಿತ್ತೆಂದು ಯಾರೂ ಲೆಕ್ಕ ಹಾಕಿಲ್ಲ.

ಹೊಳೆ ದಾಟಿದ ಮೇಲೆ ಐರಣಿ, ರಾಣೆಬೆನ್ನೂರು, ಕುಂದಗೋಳ, ಡಂಬಳ ಹೀಗೆ ಕೋಟೆಗಳು ಬಿದ್ದವು. ಜುಲೈ 30ರಂದು ಮಲಪ್ರಭೆಯ ದಡದಲ್ಲಿ ಧೋಂಡಿಯಾನ ಬಿಡಾರದ ಮೇಲೆ ಬಿದ್ದಾಗ ನೂರಾರು ಜನ, ಒಂಟೆ, ಕುದುರೆ ಹೊಳೆಗೆ ಬಿದ್ದು ಕೊಚ್ಚಿಹೋದರು. ಆದರೂ ಅವನು ಸಿಗಲಿಲ್ಲ. ಕೊನೆಗೆ ಸೆಪ್ಟೆಂಬರ್ 10ರ ಬೆಳಿಗ್ಗೆ ರಾಯಚೂರು ಸೀಮೆಯ ಕೋಣಗಲ್ಲಿನಲ್ಲಿ ಇಬ್ಬರೂ ಎದುರುಬದುರಾದರು. ಧೋಂಡಿಯಾನ ಕಡೆ ಸುಮಾರು 5 ಸಾವಿರ ಸವಾರರು, ವೆಲ್ಲೆಸ್ಲಿಯ ಕೈಯಲ್ಲಿ ನಾಲ್ಕೇ ಕುದುರೆ ರೆಜಿಮೆಂಟು. ಕಾಲಾಳು ಹಿಂದೆ ಉಳಿದಿದ್ದರು. ಅವರಿಗಾಗಿ ಕಾದರೆ ಹಕ್ಕಿ ಮತ್ತೆ ಹಾರುತ್ತದೆ. ನಾಲ್ಕನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಿ ವೆಲ್ಲೆಸ್ಲಿ ತಾನೇ ಮುಂದಾಗಿ ಕುದುರೆ ಬಿಟ್ಟ. ಅಷ್ಟು ಮಂದಿ ಇದ್ದೂ ಧೋಂಡಿಯಾನ ಸಾಲು ನಿಲ್ಲಲಿಲ್ಲ. ಕಾಳಗದಲ್ಲಿ ಬಿದ್ದ ಅವನ ಹೆಣವನ್ನು ಗುರುತು ಹಿಡಿದು, ಒಂದು ತೋಪಿನ ಬಂಡಿಗೆ ಕಟ್ಟಿ ಬಿಡಾರಕ್ಕೆ ತಂದರು.

ಸಾಮಾನಿನ ರಾಶಿಯಲ್ಲಿ ಒಂದು ಮಗು ಸಿಕ್ಕಿತು. ಧೋಂಡಿಯಾನ ಮಗ ಸಲಾಬತ್ ಖಾನ್, ನಾಲ್ಕು ವರ್ಷದವನಿರಬೇಕು. ವೆಲ್ಲೆಸ್ಲಿ ಅವನನ್ನು ತನ್ನ ಡೇರೆಗೆ ತರಿಸಿಕೊಂಡು ಸಾಕುವ ಏರ್ಪಾಡು ಮಾಡಿದ. 1805ರಲ್ಲಿ ದೇಶ ಬಿಡುವಾಗ ಹುಡುಗನ ಖರ್ಚಿಗೆಂದು ಕೆಲವು ನೂರು ಪೌಂಡ್ ಇಟ್ಟು ಹೋದ. ಬೆಳೆದ ಹುಡುಗ ಮೈಸೂರು ಅರಸರ ಚಾಕರಿಗೆ ಸೇರಿದ, 1822ರಲ್ಲಿ ಕಾಲರಾದಿಂದ ತೀರಿಕೊಂಡ. ಕೊಂದವನೇ ಕೂಸನ್ನು ಸಾಕಿದ ಈ ಪ್ರಸಂಗವನ್ನು ಇಂಗ್ಲಿಷ್ ಲೇಖಕರು ಡ್ಯೂಕನ ದೊಡ್ಡ ಮನಸ್ಸಿಗೆ ಸಾಕ್ಷಿಯಾಗಿ ಬರೆಯುತ್ತಾರೆ. ಇರಬಹುದು. ಎರಡು ವರ್ಷದೊಳಗೆ ಅದೇ ಕೈ ಬಲಂ ಸೀಮೆಯ ಪಾಳೆಯಗಾರ ಕೃಷ್ಣಪ್ಪ ನಾಯಕನನ್ನು ನೇಣಿಗೇರಿಸಿದ್ದೂ ಅವನ ದಾಖಲೆಗಳಲ್ಲೇ ಇದೆ.

ಮುಂದಿನದು ಎಲ್ಲರಿಗೂ ಗೊತ್ತಿರುವ ಕಥೆ, ಬೇಗ ಹೇಳಿ ಮುಗಿಸುತ್ತೇನೆ. 1803ರಲ್ಲಿ ಅಸ್ಸಾಯೆ ಕದನ, 1806ರಲ್ಲಿ ಲಂಡನ್ ಪಾರ್ಲಿಮೆಂಟು, ಮರುವರ್ಷ ಐರ್ಲೆಂಡಿನ ಮುಖ್ಯ ಕಾರ್ಯದರ್ಶಿ, ಆಮೇಲೆ ಆರು ವರ್ಷ ಪೋರ್ಚುಗಲ್ ಮತ್ತು ಸ್ಪೇನಿನಲ್ಲಿ ಯುದ್ಧ, 1815ರಲ್ಲಿ ವಾಟರ್ಲೂ. 1828ರ ಜನವರಿಯಲ್ಲಿ ಅವನು ಪ್ರಧಾನಿಯಾದ. ಅಪ್ಪಣೆ ಕೊಟ್ಟು ರೂಢಿಯಾದವನಿಗೆ ಸಂಪುಟದಲ್ಲಿ ಸಹೋದ್ಯೋಗಿಗಳ ವಾದ ಕೇಳುತ್ತ ಕೂರುವುದು ಹಿಂಸೆಯೇ ಆಗಿತ್ತು. ಆದರೂ ಒಂದು ದೊಡ್ಡ ಕೆಲಸ ಅವನಿಂದ ಆಯಿತು. ಕ್ಯಾಥೊಲಿಕ್ಕರು ಪಾರ್ಲಿಮೆಂಟಿನಲ್ಲಿ ಕೂರಬಾರದೆಂಬ ಹಳೆಯ ನಿರ್ಬಂಧವನ್ನು 1829ರಲ್ಲಿ ತೆಗೆಸಿದ. ಅದಕ್ಕೆ ಸ್ವಂತ ಪಕ್ಷದವರೇ ತಿರುಗಿಬಿದ್ದರು, ದೊರೆ ನಾಲ್ಕನೇ ಜಾರ್ಜ್ ಹಟ ಹಿಡಿದ, ರಾಜೀನಾಮೆಯ ಬೆದರಿಕೆ ಹಾಕಿ ಒಪ್ಪಿಸಬೇಕಾಯಿತು. ಲಾರ್ಡ್ ವಿಂಚಿಲ್ಸಿ ಎಂಬುವನು ಡ್ಯೂಕನ ಪ್ರಾಮಾಣಿಕತೆಯನ್ನೇ ಶಂಕಿಸಿ ಬರೆದ. ದೇಶದ ಪ್ರಧಾನಿ ಮಾರ್ಚ್ 21ರ ಬೆಳಿಗ್ಗೆ ಬ್ಯಾಟರ್‌ಸೀ ಮೈದಾನದಲ್ಲಿ ಪಿಸ್ತೂಲು ಹಿಡಿದು ಅವನೆದುರು ದ್ವಂದ್ವಕ್ಕೆ ನಿಂತ! ಯಾರಿಗೂ ಗುಂಡು ತಾಗಲಿಲ್ಲ. ವಿಂಚಿಲ್ಸಿ ಕ್ಷಮೆ ಕೇಳಿದ. ನಮ್ಮ ವಿಧಾನಸಭೆಯ ತಳ್ಳಾಟ ಕಂಡು ಬೇಸರಿಸುವವರು ಇದನ್ನೊಮ್ಮೆ ನೆನೆಯಬಹುದು.

ಅವನು ಎಡವಿದ್ದು ಮತದಾನದ ಹಕ್ಕಿನ ವಿಷಯದಲ್ಲಿ. ಆಗಿನ ಇಂಗ್ಲೆಂಡಿನಲ್ಲಿ ಮ್ಯಾಂಚೆಸ್ಟರಿನಂಥ ಊರಿಗೆ ಒಬ್ಬ ಸದಸ್ಯನೂ ಇಲ್ಲ, ಜನವಾಸವೇ ಇಲ್ಲದ ಓಲ್ಡ್ ಸಾರಮ್ ಎಂಬ ದಿಬ್ಬಕ್ಕೆ ಇಬ್ಬರು ಸದಸ್ಯರು. 1830ರ ನವೆಂಬರ್ 2ರಂದು ಡ್ಯೂಕ್ ಎದ್ದು ನಿಂತು, ಈಗಿರುವ ವ್ಯವಸ್ಥೆಯಲ್ಲಿ ಸುಧಾರಿಸಬೇಕಾದ್ದು ಏನೂ ಇಲ್ಲ, ತಾನಿರುವ ತನಕ ಯಾವ ಬದಲಾವಣೆಗೂ ಬಿಡುವುದಿಲ್ಲ ಎಂಬರ್ಥದ ಮಾತಾಡಿದ. ಟ್ರಿಮ್‌ನಿಂದ ಆರಂಭಿಸಿದವನಿಗೆ ಅದರಲ್ಲಿ ತಪ್ಪೇನೂ ಕಂಡಿರಲಾರದು. ಎರಡು ವಾರದಲ್ಲಿ ಸರಕಾರ ಬಿತ್ತು. ಮರುವರ್ಷ ಜನ ಅವನ ಮನೆಯ ಕಿಟಕಿಗಳಿಗೆ ಕಲ್ಲು ಹೊಡೆದರು. ಅವನು ಅವಕ್ಕೆ ಕಬ್ಬಿಣದ ಬಾಗಿಲು ಹಾಕಿಸಿಕೊಂಡ. ಸರಕಾರ ಬಿದ್ದ ಆ ತಿಂಗಳುಗಳಲ್ಲೇ ದಕ್ಷಿಣ ಇಂಗ್ಲೆಂಡಿನ ಹಳ್ಳಿಗಳಲ್ಲಿ ಕೂಲಿಯಾಳುಗಳು ಒಕ್ಕಣೆ ಯಂತ್ರಗಳನ್ನು ಒಡೆದು ಬಣವೆಗಳಿಗೆ ಬೆಂಕಿ ಇಡುತ್ತಿದ್ದರು. ಆ ದಂಗೆಗಾಗಿ 19 ಜನರನ್ನು ಗಲ್ಲಿಗೇರಿಸಿದರು, ನೂರಾರು ಜನರನ್ನು ಆಸ್ಟ್ರೇಲಿಯಾಕ್ಕೆ ಅಟ್ಟಿದರು.

ಸರಿಸುಮಾರು ಅದೇ ಹೊತ್ತಿಗೆ, 1830ರ ಕೊನೆಗೆ, ಚನ್ನಗಿರಿ ತಾಲ್ಲೂಕಿನ ಬಸವಾಪಟ್ಟಣದಲ್ಲಿ ರೈತರು ಕೂಟ ಸೇರಿದ್ದರು. ಲಂಡನ್ನಿನ ಗದ್ದಲ ಅವರ ಕಿವಿಗೆ ಬಿದ್ದಿರಲು ಸಾಧ್ಯವಿಲ್ಲ. ಅವರ ಗೋಳು ಅವರದ್ದು. ಅದರ ಬೇರು ಹುಡುಕುತ್ತ ಹೋದರೆ ಡ್ಯೂಕ್ ರುಜು ಹಾಕಿದ ಆ 1799ರ ಒಪ್ಪಂದ ಕೈಗೆ ಸಿಗುತ್ತದೆ. ವರ್ಷ ವರ್ಷ 7 ಲಕ್ಷ ವರಹ ಕಂಪನಿಗೆ ಹೋಗಲೇಬೇಕು. ಪೂರ್ಣಯ್ಯನವರ ಕಾಲಕ್ಕೆ ಖಜಾನೆ ತುಂಬಿತ್ತು. 1811ರಲ್ಲಿ ಅಧಿಕಾರ ವಹಿಸಿಕೊಂಡ ಮುಮ್ಮಡಿ ಕೃಷ್ಣರಾಜ ಒಡೆಯರ ಕೈ ದಾನಧರ್ಮದಲ್ಲಿ, ಕಲೆ ಸಾಹಿತ್ಯದಲ್ಲಿ ಉದಾರವಾಗಿತ್ತು, ಲೆಕ್ಕದಲ್ಲಿ ಸಡಿಲವಾಗಿತ್ತು. ಹಣ ಹುಟ್ಟಿಸಲು ಕಂಡುಕೊಂಡ ದಾರಿ ಶರ್ತಿ ಪದ್ಧತಿ. ಇಷ್ಟು ಕಂದಾಯ ಎತ್ತಿಕೊಡುತ್ತೇನೆಂದು ಅಮಲ್ದಾರ ಶರ್ತು ಬರೆದುಕೊಡಬೇಕು, ಕಡಿಮೆ ಬಿದ್ದರೆ ಕೈಯಿಂದ ತುಂಬಬೇಕು. ಕೈಯಿಂದ ತುಂಬುವ ಅಮಲ್ದಾರನನ್ನು ಯಾವ ಕಾಲದಲ್ಲಾದರೂ ಕಂಡಿದ್ದೇವೆಯೆ? ನಗರದ ಫೌಜುದಾರಿಯಂತೂ ವರ್ಷಗಟ್ಟಲೆ ರಾಮರಾವ್ ಎಂಬ ಒಬ್ಬನೇ ಫೌಜುದಾರನ ಮತ್ತು ಅವನ ನಂಟರಿಷ್ಟರ ಹಿಡಿತದಲ್ಲಿತ್ತು. ರೈತ ದೂರು ಕೊಡಬೇಕಾದ್ದು ಯಾರ ಮೇಲೋ ಅವರ ಮುಂದೆಯೇ ಕೈಮುಗಿದು ನಿಲ್ಲಬೇಕಿತ್ತು.

ಯಾವುದಕ್ಕೆಲ್ಲ ತೆರಿಗೆ ಇತ್ತೆನ್ನುವುದನ್ನು ಮುಂದೆ ಬಿ.ಎಲ್. ರೈಸ್ ತಮ್ಮ ಗೆಜೆಟಿಯರಿನಲ್ಲಿ ಪಟ್ಟಿ ಮಾಡಿದ್ದಾರೆ. ಮದುವೆಗೆ ತೆರಿಗೆ, ಮಗು ಹುಟ್ಟಿದರೆ ತೆರಿಗೆ, ಅದಕ್ಕೆ ಹೆಸರಿಟ್ಟರೆ ತೆರಿಗೆ, ತಲೆ ಬೋಳಿಸಿದರೆ ತೆರಿಗೆ. ಯಾವುದೋ ಕಾಲದಲ್ಲಿ ಪಾಳೆಯಗಾರನ ಕುದುರೆ ಕಳೆದುಹೋದಾಗ ಹುಡುಕಿಕೊಡಲಿಲ್ಲವೆಂದು ಒಂದು ಹಳ್ಳಿಯವರು ತಲೆಮಾರುಗಳಿಂದ ದಂಡ ಕಟ್ಟುತ್ತಿದ್ದರು. ನಗರ ಸೀಮೆಯ ಒಂದು ಜಾಗದಲ್ಲಿ ಕೈಗಳನ್ನು ಮೈಗೆ ಒತ್ತಿಟ್ಟುಕೊಳ್ಳದೆ ದಾಟಿದವರೂ ಹಣ ತೆರಬೇಕಿತ್ತು! ಇಂಥ ಚಿಲ್ಲರೆ ತೆರಿಗೆಗಳನ್ನು ಆಮೇಲೆ ರದ್ದು ಮಾಡುವಾಗ ಎಣಿಸಿದರೆ ಒಟ್ಟು 769 ಇದ್ದವು.

ಬಸವಾಪಟ್ಟಣದ ಕೂಟ ಹೊನ್ನಾಳಿ, ಶಿಕಾರಿಪುರ, ಆನಂದಪುರದ ಕಡೆಗೆ ಹಬ್ಬಿತು. ಹಳ್ಳಿಯಿಂದ ಹಳ್ಳಿಗೆ ಕಾಗದಗಳು ಹೋದವು, ಗೌಡರು ತಮ್ಮವರನ್ನು ಕರೆದುಕೊಂಡು ಬಂದರು. ರೈತರ ಸಿಟ್ಟಿಗೆ ಒಬ್ಬ ನಾಯಕನೂ ಸಿಕ್ಕ. ಕುಂಸಿ ಕಡೆಯ ಬೂದಿ ಬಸವಪ್ಪ. ತಾನು ಕೆಳದಿ ಅರಸರ ವಂಶದವನೆಂದು ಹೇಳಿಕೊಂಡ. ಕೆಳದಿ ಚೆನ್ನಮ್ಮನ ಹೆಸರು ಹೊತ್ತ ಚನ್ನಗಿರಿಯಂಥ ಊರುಗಳಿರುವ ಸೀಮೆಯಲ್ಲಿ ಆ ಮಾತಿಗೆ ಬೆಲೆ ಇತ್ತು. ತರೀಕೆರೆಯ ಪಾಳೆಯಗಾರ ರಂಗಪ್ಪ ನಾಯಕನೂ ಕೈಜೋಡಿಸಿದ. ಹೀಗೆ ಕಂದಾಯದ ದೂರು ಸಿಂಹಾಸನದ ಜಗಳವಾಯಿತು. ಹಳೆಯ ಅರಸುಮನೆಯ ಕನಸನ್ನು ತಂದು ಬೆರೆಸಿದ್ದರಿಂದಲೇ ರೈತರ ನ್ಯಾಯವಾದ ಮಾತು ಹಾಳಾಯಿತು ಎಂಬುದು ನನ್ನ ಎಣಿಕೆ. ಬರೀ ಲೆಕ್ಕ ಕೇಳಿದ್ದರೆ ದೊರೆ ಕಿವಿಗೊಡಬೇಕಾಗುತ್ತಿತ್ತು, ಸಿಂಹಾಸನ ಕೇಳಿದಾಗ ದಂಡು ಬಂತು. ಮೈಸೂರಿನ ಸೈನ್ಯದಿಂದ ಅಡಗದಾಗ ಕಂಪನಿಯ ಸೈನ್ಯ ಬಂತು. 1831ರ ಜೂನ್‌ನಲ್ಲಿ ಕರ್ನಲ್ ಇವಾನ್ಸ್ ನಗರವನ್ನು ಹಿಡಿದ.

ಈಗ ಎರಡನೆಯ ಬ್ರಿಟಿಷ್ ರಾಜಕಾರಣಿ ಕಥೆಯೊಳಗೆ ಬರುತ್ತಾನೆ. ಲಾರ್ಡ್ ವಿಲಿಯಂ ಬೆಂಟಿಂಕ್. ಎರಡು ಬಾರಿ ಪ್ರಧಾನಿಯಾಗಿದ್ದ ಡ್ಯೂಕ್ ಆಫ್ ಪೋರ್ಟ್‌ಲ್ಯಾಂಡ್‌ನ ಮಗ. ಇಪ್ಪತ್ತೊಂದಕ್ಕೇ ಪಾರ್ಲಿಮೆಂಟಿನ ಸದಸ್ಯ, ಮೂವತ್ತು ತುಂಬುವ ಮೊದಲೇ ಮದರಾಸಿನ ಗವರ್ನರ್. 1806ರ ವೆಲ್ಲೂರು ಸಿಪಾಯಿ ದಂಗೆಗೆ ಅವನನ್ನೇ ಹೊಣೆಮಾಡಿ ವಾಪಸು ಕರೆಸಿಕೊಂಡಿದ್ದರು. ಇಪ್ಪತ್ತು ವರ್ಷ ಆ ಅವಮಾನವನ್ನು ಮನಸ್ಸಿನಲ್ಲಿಟ್ಟುಕೊಂಡು 1828ರಲ್ಲಿ ಗವರ್ನರ್ ಜನರಲ್ ಆಗಿಯೇ ಮರಳಿ ಬಂದ. 1829ರಲ್ಲಿ ಸತಿ ಪದ್ಧತಿಯನ್ನು ನಿಷೇಧಿಸಿದವನು ಇವನೇ, 1835ರಲ್ಲಿ ಇಂಗ್ಲಿಷ್ ಶಿಕ್ಷಣಕ್ಕೆ ರುಜು ಹಾಕಿದವನೂ ಇವನೇ. ವೆಲಿಂಗ್ಟನ್ ಬದಲಾವಣೆಗೆ ಹೆದರಿದವನಾದರೆ ಇವನು ಬದಲಾವಣೆಯ ಆತುರದವನು. ಆ ಆತುರ ಮೈಸೂರಿನ ಮೇಲೆ ಬಿತ್ತು. 1831ರ ಸೆಪ್ಟೆಂಬರ್ 7ರ ಪತ್ರದಲ್ಲಿ ಹಳೆಯ ಒಪ್ಪಂದದ ಆ ಕಲಮನ್ನು ತೋರಿಸಿ, ಆಡಳಿತವನ್ನು ಕಂಪನಿ ವಹಿಸಿಕೊಳ್ಳುತ್ತದೆಂದು ತಿಳಿಸಿದ. ಅಕ್ಟೋಬರ್ 19ರಂದು ಮುಮ್ಮಡಿಯವರು ಒಂದು ಮಾತೂ ಎದುರಾಡದೆ ಅಧಿಕಾರ ಬಿಟ್ಟುಕೊಟ್ಟರು.

ತನಿಖೆ ಆಮೇಲೆ! ಹಾಕರ್, ಮಾರಿಸನ್, ಮ್ಯಾಕ್ಲಿಯಾಡ್, ಕಬ್ಬನ್ ಎಂಬ ನಾಲ್ವರ ಸಮಿತಿ ದಂಗೆಯ ಕಾರಣಗಳನ್ನು ವಿಚಾರಿಸಿ ವರದಿ ಕೊಟ್ಟದ್ದು 1833ರ ಡಿಸೆಂಬರಿನಲ್ಲಿ, ರಾಜ್ಯ ಕಿತ್ತುಕೊಂಡು ಎರಡು ವರ್ಷ ಕಳೆದ ಮೇಲೆ. ಆಡಳಿತ ಕೆಟ್ಟಿದ್ದು ನಿಜ, ಆದರೆ ಕಲ್ಕತ್ತೆಗೆ ಮುಟ್ಟಿದ್ದ ದೂರುಗಳು ಉಬ್ಬಿಸಿ ಹೇಳಿದಂಥವು ಎಂಬುದು ಬೆಂಟಿಂಕನಿಗೆ ಮನವರಿಕೆಯಾಯಿತು. 1834ರಲ್ಲಿ ದಕ್ಷಿಣಕ್ಕೆ ಬಂದವನು ರಾಜ್ಯದ ಒಂದು ಭಾಗವನ್ನಾದರೂ ಮರಳಿಸೋಣವೆಂದು ಲಂಡನ್ನಿಗೆ ಬರೆದ. ಅಲ್ಲಿನವರು ಒಪ್ಪಲಿಲ್ಲ. ತನ್ನ ಭಾರತದ ಆಡಳಿತದಲ್ಲಿ ಹಿಂತಿರುಗಿ ನೋಡಿ ನೊಂದುಕೊಳ್ಳುವ ಸಂಗತಿ ಇದೊಂದೇ ಎಂದು ಅವನು ಆಪ್ತರಲ್ಲಿ ಹೇಳಿಕೊಂಡನೆಂದು ಮೈಸೂರಿನ ಇತಿಹಾಸಕಾರರು ಬರೆದಿದ್ದಾರೆ. ಊರಿಗೆ ಮರಳಿ ಗ್ಲಾಸ್ಗೋ ಕ್ಷೇತ್ರದಿಂದ ಮತ್ತೆ ಪಾರ್ಲಿಮೆಂಟಿಗೆ ಆರಿಸಿಬಂದ, 1839ರಲ್ಲಿ ತೀರಿಕೊಂಡ. ಅವನ ಆತುರದ ಫಲ ಮಾತ್ರ ಐವತ್ತು ವರ್ಷ ಉಳಿಯಿತು. ಬೆಂಗಳೂರಿನಲ್ಲಿ ಕೂತ ಕಬ್ಬನ್ 1834ರಿಂದ 1861ರ ತನಕ ಆಳಿದ. ರಾಜ್ಯ ನಾಲ್ಕು ವಿಭಾಗವಾಯಿತು, ಹೊನ್ನಾಳಿ, ಚನ್ನಗಿರಿ ನಗರ ವಿಭಾಗಕ್ಕೆ ಸೇರಿದವು, ಜಗಳೂರು ಚಿತ್ರದುರ್ಗಕ್ಕೆ. ಆ 769 ತೆರಿಗೆ ತೆಗೆದದ್ದು ಈ ಕಾಲದಲ್ಲೇ. ರೈತನಿಗೆ ಲಾಭವಾಗಲಿಲ್ಲವೆಂದು ಹೇಳಲು ಬಾರದು. ಆದರೆ ಯಾವ ರೈತ ಕೂಟ ಕಟ್ಟಿದನೋ ಅವನನ್ನು ಯಾರೂ ಏನೂ ಕೇಳಲಿಲ್ಲ.

ಇತ್ತ ಲಂಡನ್ನಿನಲ್ಲಿ ವೆಲಿಂಗ್ಟನ್ ಹಿರಿಯ ಮುತ್ಸದ್ದಿಯಾಗಿ ಮೆತ್ತಗಾಗಿದ್ದ. 1834ರಲ್ಲಿ, ಪ್ರಧಾನಿಯಾಗಬೇಕಿದ್ದ ಪೀಲ್ ಇಟಲಿಯಿಂದ ಬರುವ ತನಕ, ಮೂರು ವಾರ ಮತ್ತೆ ಪ್ರಧಾನಿಯಾಗಿ ಹಲವು ಖಾತೆಗಳನ್ನು ಒಬ್ಬನೇ ನೋಡಿಕೊಂಡ. 1846ರಲ್ಲಿ, ತನಗೆ ಮನಸ್ಸಿಲ್ಲದಿದ್ದರೂ, ಧಾನ್ಯದ ಆಮದು ಸುಂಕ ತೆಗೆಯುವ ಮಸೂದೆಯನ್ನು ಮೇಲ್ಮನೆಯಲ್ಲಿ ದಾಟಿಸಿಕೊಟ್ಟ. 1852ರ ಸೆಪ್ಟೆಂಬರ್ 14ರಂದು ಸತ್ತಾಗ ಕಿಟಕಿಗೆ ಕಲ್ಲು ಹೊಡೆದ ಅದೇ ಲಂಡನ್ ಬೀದಿಯುದ್ದಕ್ಕೂ ನಿಂತು ಕಣ್ಣೀರಿಟ್ಟಿತು. ಮೈಸೂರಿನಲ್ಲಿ ಮುಮ್ಮಡಿಯವರು ರಾಜ್ಯ ಮರಳಿಸಿರೆಂದು ಅರ್ಜಿ ಮೇಲೆ ಅರ್ಜಿ ಬರೆಯುತ್ತಲೇ ಇದ್ದರು. 1867ರ ಏಪ್ರಿಲಿನಲ್ಲಿ ಭಾರತ ಮಂತ್ರಿ ಸ್ಟಾಫರ್ಡ್ ನಾರ್ತ್‌ಕೋಟ್ ರಾಜ್ಯವನ್ನು ಅವರ ದತ್ತು ಮಗನಿಗೆ ಮರಳಿಸಲು ಒಪ್ಪಿದ. ಮುಮ್ಮಡಿಯವರು ಮರುವರ್ಷ ತೀರಿಕೊಂಡರು. ರಾಜ್ಯ ಕೈಗೆ ಬಂದದ್ದು 1881ರ ಮಾರ್ಚ್ 25ರಂದು.

ಚನ್ನಗಿರಿ ಆಮೇಲೆ ತನ್ನದೇ ರಾಜಕಾರಣಿಗಳನ್ನು ಕೊಟ್ಟಿತು. ಕಾರಿಗನೂರಿನ ಜೆ.ಎಚ್. ಪಟೇಲರು 1967ರಲ್ಲಿ ಲೋಕಸಭೆಯಲ್ಲಿ ಕನ್ನಡದಲ್ಲೇ ಮಾತಾಡಿದರು, ಮುಖ್ಯಮಂತ್ರಿಯಾಗಿ 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಮಾಡಿದರು. ಜಗಳೂರಿನ ಮಹಮ್ಮದ್ ಇಮಾಂ ಅವರು ಚಿತ್ರದುರ್ಗದಿಂದ 1957ರಲ್ಲೂ 1967ರಲ್ಲೂ ವಿರೋಧ ಪಕ್ಷದಿಂದಲೇ ಲೋಕಸಭೆಗೆ ಗೆದ್ದರು. ಇವರ ಬಗ್ಗೆ ನಮ್ಮಲ್ಲಿ ಪುಸ್ತಕಗಳಿವೆ, ಭಾಷಣಗಳಾಗುತ್ತವೆ. ಬಸವಾಪಟ್ಟಣದ ಕೂಟದ ಬಗ್ಗೆ ಮಾತು ಕಡಿಮೆ. 1833ರ ಆ ತನಿಖಾ ವರದಿ ಅಚ್ಚಾಗಿದೆ, ಹುಡುಕಿದರೆ ಸಿಗುತ್ತದೆ. ತೋಳಹುಣಸೆಯ ದಾವಣಗೆರೆ ವಿಶ್ವವಿದ್ಯಾಲಯದ, ಈ ಸೀಮೆಯ ಕಾಲೇಜುಗಳ ಇತಿಹಾಸ ಮೇಷ್ಟ್ರುಗಳು ಅದನ್ನು ವಿದ್ಯಾರ್ಥಿಗಳ ಕೈಗೆ ಕೊಟ್ಟು, ಅದರಲ್ಲಿ ಬರುವ ಊರುಗಳಿಗೆ ಕಳಿಸಲಿ. ಹಳೆಯ ಗೌಡಿಕೆ, ಶ್ಯಾನುಭೋಗಿಕೆ ಮನೆಗಳಲ್ಲಿ ಅಟ್ಟದ ಮೇಲೆ ಕಡತಗಳಿದ್ದರೆ ಗುಜರಿಗೆ ಹಾಕುವ ಮೊದಲು ಅವರಿಗೊಮ್ಮೆ ತೋರಿಸಿ.